ಪ್ರತಿಕ್ರಿಯೆ: ಎದೆಗೆ ಬ್ಯಾಂಡೇಜ್ ಕಟ್ಟಿ ಏರಿಯಲ್ ಸಿಲ್ಕ್ ಹತ್ತಬಹುದಾ?

ಏರಿಯಲ್ ಸಿಲ್ಕ್ (ಮೇಲಿಂದ ನೇತುಬಿಟ್ಟ ಬಟ್ಟೆ ಹತ್ತಿ ಮಾಡುವ ಕಸರತ್ತು) ಮಾಡುವಾಗ ಹುಡುಗ ಅನ್ನಿಸುತ್ತದೆ, ಇಳಿದರೆ ಹೆಣ್ಣಿನ ಮೈ ನೋಡಿ ಸಂಕಟ, ಅದಕ್ಕೇ ಎದೆಗೆ ಬ್ಯಾಂಡೇಜ್ ಕಟ್ಟುತ್ತೇನೆ ಅಂತ ಬರೆದಿದ್ದೀರಿ. ಆ ಸಂಕಟಕ್ಕೆ ಕಾರಣ ಬಹುಶಃ ಕ್ಲಾಸಿನ ಕನ್ನಡಿ ಮತ್ತು ಡ್ರೆಸ್ಸು. ಮೇಲಿರುವಾಗ ಮೈ ಹೇಗೆ ಕಾಣುತ್ತದೆ ಅನ್ನೋದಕ್ಕಿಂತ ಕೈ ಹಿಡಿತ ಗಟ್ಟಿ ಇದೆಯಾ ಅನ್ನೋದೇ ಮುಖ್ಯ. ಅದಕ್ಕೇ ಅಲ್ಲಿ ನಿಮಗೆ ‘ನಾನು ಹುಡುಗ’ ಅಂತ ನಿರಾಳ ಅನ್ನಿಸಿ, ಇಳಿದ ಕೂಡಲೇ ಸಂಕಟ ಶುರುವಾಗುತ್ತಿದೆ. ನನಗೂ ಹೀಗೇ ಆಗುತ್ತಿತ್ತು.

ಮೊದಲು ಬ್ಯಾಂಡೇಜ್ ಬಿಚ್ಚಿ, ಅದು ಬೇಡವೇ ಬೇಡ. ಕ್ರೇಪ್ ಬ್ಯಾಂಡೇಜ್ ಬರಬರುತ್ತಾ ಬಿಗಿಯಾಗಿ ಪಕ್ಕೆಲುಬು ಒತ್ತುತ್ತದೆ, ತಲೆಕೆಳಗಾಗಿ ನೇತಾಡುವಾಗ ಉಸಿರು ಸಿಗದೆ ತಲೆ ಸುತ್ತಿದರೆ ಏನು ಗತಿ? ಬೈಂಡರ್ (ಎದೆ ಚಪ್ಪಟೆ ಕಾಣಲು ಹಾಕುವ ಬಿಗಿ ಒಳ ಉಡುಪು) ಕೂಡ ಕಸರತ್ತಿಗೆ ಹಾಕಬೇಡಿ. ಅಳತೆಗೆ ಸರಿಯಾದ ಸ್ಪೋರ್ಟ್ಸ್ ಬ್ರಾ, ಮೇಲೆ ಕಪ್ಪು ಟೀ ಶರ್ಟ್ ಹಾಕಿ ಪ್ಯಾಂಟಿನೊಳಗೆ ಸಿಕ್ಕಿಸಿ. ಸಿಲ್ಕ್ ಉಜ್ಜಿ ಸೊಂಟದ ಚರ್ಮ ಉರಿಯುವುದೂ ತಪ್ಪುತ್ತದೆ.

ಆಮೇಲೆ ಟ್ರೇನರ್ ಒಬ್ಬರೇ ಇದ್ದಾಗ ಮಾತಾಡಿ. ಕನ್ನಡಿಗೆ ಬೆನ್ನು ಹಾಕಿ ಅಭ್ಯಾಸ, ಶೋಗೆ ಪ್ಯಾಂಟು, ನಿಮಗಿಷ್ಟದ ಹೆಸರು, ಸದ್ಯಕ್ಕೆ ಇಷ್ಟು ಕೇಳಿ. ಒಪ್ಪದಿದ್ದರೆ ಬೇರೆ ಕ್ಲಾಸ್ ನೋಡಿ.

1920ರ ದಶಕದಲ್ಲೇ ಬಾರ್ಬೆಟ್ ಎಂಬ ಅಮೆರಿಕದ ಟ್ರಪೀಜ್ (ಸರ್ಕಸ್ ಉಯ್ಯಾಲೆ) ಕಲಾವಿದ ಪ್ಯಾರಿಸ್‌ನಲ್ಲಿ ಹೆಣ್ಣಿನ ವೇಷದಲ್ಲಿ ಆಡಿ, ಕೊನೆಗೆ ವಿಗ್ ತೆಗೆಯುತ್ತಿದ್ದರು. ನಮ್ಮ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನೀವು ಒಂಟಿಯಲ್ಲ.

ನೀವು ಟ್ರಾನ್ಸ್ (ಟ್ರಾನ್ಸ್‌ಜೆಂಡರ್) ಹೌದೋ ಅಲ್ಲವೋ ನಾನು ಹೇಳಲಾರೆ, ನೀವೂ ಈಗಲೇ ತೀರ್ಮಾನಿಸಬೇಕಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಜನ ಬೇಕಿದ್ದರೆ ಬೆಂಗಳೂರಲ್ಲೇ ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಇದೆ, ಮೊದಲು ಫೋನ್ ಮಾಡಿ ಹೋಗಿ.