ಶನಿ ಮಸುಕಾಗಿ ಕಾಣುತ್ತಿದೆ: ಒಳ್ಳೆಯ ಐಪೀಸ್ ಕೊಳ್ಳಲೇ, ಇಲ್ಲ ದೊಡ್ಡ ಟೆಲಿಸ್ಕೋಪನ್ನೇ ಕೊಳ್ಳಲೇ?

ಎರಡೂ ಬೇಡ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ನಿಮ್ಮ ಪ್ರಶ್ನೆಯಲ್ಲಿ 70 ಮಿ.ಮೀ. ಅಗಲದ ಲೆನ್ಸಿನ ರಿಫ್ರ್ಯಾಕ್ಟರ್ ಟೆಲಿಸ್ಕೋಪ್, ಜೊತೆಗೆ ಬಂದ, ಕಣ್ಣಿಡುವ ಕಡೆ ಹಾಕುವ ಐಪೀಸುಗಳು, ಚಿತ್ರವನ್ನು ಇನ್ನಷ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್, ಅಲುಗಾಡುವ ಶನಿ ಎಲ್ಲವನ್ನೂ ವಿವರವಾಗಿ ಬರೆದು, ಕೊನೆಗೆ ಬ್ರಾಕೆಟ್ಟಿನಲ್ಲಿ "ಮಲಗುವ ಕೋಣೆಯ ಕಿಟಕಿಯಿಂದ ನೋಡುವುದು, ಗಾಜು ಪೂರ್ತಿ ತೆಗೆದೇ ಇರುತ್ತೇನೆ" ಅಂತ ಸೇರಿಸಿದ್ದೀರಲ್ಲ, ಉತ್ತರ ಆ ಬ್ರಾಕೆಟ್ಟಿನೊಳಗೇ ಇದೆ. ನಾನೂ ಅಂಥದೇ ಕಿಟಕಿಯಲ್ಲಿ ಕೂತು ದುಡ್ಡು ಕಳೆದುಕೊಂಡವನು.

ನನ್ನ ಮೊದಲ ಟೆಲಿಸ್ಕೋಪೂ 70 ಮಿ.ಮೀ.ಯದೇ, ಫೋಕಲ್ ಲೆಂತ್, ಅಂದರೆ ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ, 900 ಮಿ.ಮೀ. ಚಂದ್ರ ಚೆನ್ನಾಗಿಯೇ ಕಾಣುತ್ತಿದ್ದ. ಗುರುವಿನ ಕಡೆ ತಿರುಗಿಸಿದರೆ ಮಾತ್ರ ಕುದಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಅಂಚೆಲ್ಲ ಕುಲುಕುತ್ತಿತ್ತು. ಫೋಕಸ್ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದ್ದೇ ಬಂತು, ಇದೇ ಸರಿಯಾದ ಜಾಗ ಅನ್ನುವುದು ಸಿಗುತ್ತಲೇ ಇರಲಿಲ್ಲ. ಲೆನ್ಸು ಅಗ್ಗದ್ದು, ಅದಕ್ಕೇ ಹೀಗೆ ಅಂದುಕೊಂಡೆ. ಒಳ್ಳೆಯ ಐಪೀಸ್ ತರಿಸಿದೆ. ಅದೇ ಕುಲುಕಾಟ, ಸ್ವಲ್ಪ ಹೆಚ್ಚು ಬೆಳ್ಳಗೆ. ಆಮೇಲೆ 4 ಮಿ.ಮೀ. ಐಪೀಸ್ ಬಂತು. ಫೋಕಲ್ ಲೆಂತನ್ನು ಐಪೀಸಿನ ಅಳತೆಯಿಂದ ಭಾಗಿಸಿದರೆ ಚಿತ್ರ ಎಷ್ಟು ಪಟ್ಟು ಹಿಗ್ಗುತ್ತದೆ ಅಂತ ತಿಳಿಯುತ್ತದೆ: 900ನ್ನು 4ರಿಂದ ಭಾಗಿಸಿದರೆ 225 ಪಟ್ಟು. ಅದಕ್ಕೆ 3ಎಕ್ಸ್ ಬಾರ್ಲೋ ಹಚ್ಚಿದರೆ 675. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಸಂಖ್ಯೆಯೂ ಅದೇ. ಅಷ್ಟು ಹಿಗ್ಗಿಸಿದಾಗ ನನಗೆ ಕಂಡದ್ದು ಬೂದುಬಣ್ಣದ ಒಂದು ಕಲೆ, ಅದೂ ಕೆಲವೇ ಸೆಕೆಂಡು. ಭೂಮಿ ತಿರುಗುತ್ತದಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಗುರು ಆಚೆ ಜಾರಿಬಿಡುತ್ತಿತ್ತು.

ಕೊನೆಗೆ ಎಲ್ಲ ಮಾರಿ ಲೆನ್ಸಿನ ಬದಲು ಕನ್ನಡಿ ಇರುವ, 200 ಮಿ.ಮೀ.ಯ ಪ್ರತಿಫಲಕ ಟೆಲಿಸ್ಕೋಪ್ ಕೊಂಡೆ. ಹೊರಲಾರದೆ ಹೊತ್ತು ತಂದು ಅದೇ ಕಿಟಕಿಯ ಮುಂದೆ ಇಟ್ಟೆ. ಚಿತ್ರ ಮೊದಲಿಗಿಂತ ಕೆಟ್ಟದಾಗಿತ್ತು. ಕನ್ನಡಿಯೇ ಸರಿಯಿಲ್ಲ ಅಂತ ಮಾರಿದವರ ಜೊತೆ ಜಗಳವಾಡಿದೆ. ಆಗ ಅವರು, "ಒಂದು ನಕ್ಷತ್ರವನ್ನು ಬೇಕೆಂದೇ ಫೋಕಸ್ ತಪ್ಪಿಸಿ ನೋಡಿ, ಉಂಗುರಗಳು ಹೇಗಿವೆ ಹೇಳಿ" ಅಂದರು. ಇದನ್ನು ನೀವೂ ಮಾಡಿ ನೋಡಬೇಕು. ಫೋಕಸ್ ತಪ್ಪಿಸಿದರೆ ನಕ್ಷತ್ರ ಉಬ್ಬಿ ಬಿಲ್ಲೆಯಾಗುತ್ತದೆ, ಅದರೊಳಗೆ ಒಂದರ ಸುತ್ತ ಒಂದು ಉಂಗುರ. ಎಲ್ಲದರ ನಡು ಒಂದೇ ಕಡೆ ಇದ್ದರೆ ಕನ್ನಡಿಗಳು ಸರಿಯಾಗಿ ಕೂತಿವೆ ಅಂತ ಅರ್ಥ. ನನ್ನವು ಸರಿಯಾಗಿಯೇ ಇದ್ದವು. ಆದರೆ ಬಿಲ್ಲೆಯ ಮೇಲೆ ಒಂದೇ ಬದಿಯಿಂದ ಅಲೆಅಲೆಯಾಗಿ ಏನೋ ಹರಿಯುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಏನೋ ಅನ್ನಿಸಿ ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಬಿಲ್ಲೆಯೊಳಗೆ ಬೆರಳುಗಳ ನೆರಳು ಬಂತು, ಪ್ರತಿ ಬೆರಳಿನ ಅಂಚಿನಿಂದಲೂ ಬಿಸಿಗಾಳಿ ಸುರುಳಿಸುರುಳಿಯಾಗಿ ಬಿಟ್ಟುಹೋಗುವುದು ಕಣ್ಣಿಗೇ ಕಂಡಿತು. ಒಂದು ಕೈಯ ಕಾವೇ ಇಷ್ಟು ಕಾಣುವುದಾದರೆ ನನ್ನ ಬೆನ್ನ ಹಿಂದಿದ್ದ ಇಡೀ ಕೋಣೆಯ ಕಾವು?

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರಿಸಬೇಡಿ. ರಾತ್ರಿ ಹೊರಗೆ ತಂಪು, ಕೋಣೆಯೊಳಗೆ ಬೆಚ್ಚಗೆ. ಕಿಟಕಿ ತೆಗೆದ ಕೂಡಲೇ ಒಳಗಿನ ಬೆಚ್ಚನೆ ಗಾಳಿ ಮೇಲ್ಭಾಗದಿಂದ ಹೊರಕ್ಕೆ ನುಗ್ಗುತ್ತದೆ, ತಂಪು ಗಾಳಿ ಕೆಳಗಿನಿಂದ ಒಳಕ್ಕೆ. ಎರಡೂ ಬೆರೆಯುವ ಜಾಗ ಯಾವುದು? ನಿಮ್ಮ ಟೆಲಿಸ್ಕೋಪಿನ ಬಾಯಿ ಇರುವ ಜಾಗವೇ. ಬಿಸಿಗಾಳಿಯೂ ತಣ್ಣನೆ ಗಾಳಿಯೂ ಬೆಳಕನ್ನು ಒಂದೇ ಅಳತೆಯಲ್ಲಿ ಬಾಗಿಸುವುದಿಲ್ಲ. ಹಾಗಾಗಿ ಗ್ರಹದಿಂದ ಅಷ್ಟು ದೂರ ಬಂದ ಬೆಳಕು ಕೊನೆಯ ಒಂದೆರಡು ಮೀಟರಿನಲ್ಲಿ ಚೂರುಚೂರಾಗುತ್ತದೆ. ಕಿಟಕಿಯ ಗಾಜು ಹಾಕಿಕೊಂಡರೆ ಇನ್ನೂ ಕೆಡುತ್ತದೆ, ಏಕೆಂದರೆ ಕಿಟಕಿ ಗಾಜನ್ನು ಯಾರೂ ಲೆನ್ಸಿನಷ್ಟು ಸಮವಾಗಿ ಉಜ್ಜಿರುವುದಿಲ್ಲ. ಚಂದ್ರ ದೊಡ್ಡದು, ನಾವು ನೋಡುವ ಕುಳಿಗಳೂ ದೊಡ್ಡವು, ಆದ್ದರಿಂದ ಈ ಕಲಕಾಟ ಅಲ್ಲಿ ಗಮನಕ್ಕೆ ಬರುವುದಿಲ್ಲ. ನಾನು ಮೋಸಹೋದದ್ದು ಹಾಗೆ.

ದೊಡ್ಡ ಟೆಲಿಸ್ಕೋಪಿನಲ್ಲಿ ಇನ್ನೂ ಕೆಟ್ಟದಾಗಿ ಕಂಡದ್ದಕ್ಕೂ ಕಾರಣ ಇದೆ. 200 ಮಿ.ಮೀ. ಕನ್ನಡಿ ದಪ್ಪ ಗಾಜು. ಕೋಣೆಯ ಶಾಖವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಹೊರಗಿನ ಗಾಳಿಯಷ್ಟು ತಣ್ಣಗಾಗಲು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಕನ್ನಡಿಯ ಮೈಗೆ ಅಂಟಿಕೊಂಡು ಬೆಚ್ಚನೆ ಗಾಳಿಯ ಪದರ ಒಂದು ಆಡುತ್ತಲೇ ಇರುತ್ತದೆ. ಆಕಾಶದ ಸಣ್ಣ ಅಳತೆಗಳನ್ನು ಆರ್ಕ್‌ಸೆಕೆಂಡಿನಲ್ಲಿ ಹೇಳುತ್ತಾರೆ, ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ. ಲೆಕ್ಕದ ಪ್ರಕಾರ 200 ಮಿ.ಮೀ. ಕನ್ನಡಿ 0.6 ಆರ್ಕ್‌ಸೆಕೆಂಡಿನಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸಬೇಕು, 70 ಮಿ.ಮೀ. ಲೆನ್ಸ್ ಸುಮಾರು 1.7. ಆದರೆ ಮೇಲಿನ ವಾತಾವರಣವೇ ಸಾಮಾನ್ಯ ರಾತ್ರಿಗಳಲ್ಲಿ 2-3 ಆರ್ಕ್‌ಸೆಕೆಂಡಿನಷ್ಟು ಕಲಕಿರುತ್ತದೆ. ಅದರ ಮೇಲೆ ಕಿಟಕಿಯದೂ ಸೇರಿದರೆ ದೊಡ್ಡ ಕನ್ನಡಿ ಕಲಕಾಟವನ್ನೇ ದೊಡ್ಡದಾಗಿ ತೋರಿಸುತ್ತದೆ.

ನನ್ನ ಹಳೆಯ 70 ಮಿ.ಮೀ. ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಒಂದೇ ಒಂದು ರಾತ್ರಿ ಅಂಗಳಕ್ಕೆ ತಾರದೆ ಮಾರಿದ್ದೆ. ಆಮೇಲೊಮ್ಮೆ ಕೊಂಡವರ ಅಂಗಳದಲ್ಲಿ ಅದರಲ್ಲೇ ಗುರುವಿನ ಎರಡು ಪಟ್ಟೆ, ನಾಲ್ಕು ಚಂದ್ರ, ಚೂಪಾದ ಅಂಚು ಎಲ್ಲ ನೋಡಿದೆ. ಹೊಟ್ಟೆ ಉರಿಯಿತು.

ಹಾಗಾಗಿ ಹೇಳುವುದಿಷ್ಟು. ಟೆಲಿಸ್ಕೋಪನ್ನು ಹೊರಗೆ ಒಯ್ಯಿರಿ, ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ಇಟ್ಟುಬಿಡಿ. ಮಣ್ಣು, ಹುಲ್ಲು ಇದ್ದ ಕಡೆ ಉತ್ತಮ. ಹಗಲಿಡೀ ಬಿಸಿಲುಂಡ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತಿನವರೆಗೂ ಕಾವು ಬಿಡುತ್ತಲೇ ಇರುತ್ತದೆ. ತಾರಸಿ ಬಿಟ್ಟರೆ ಗತಿಯಿಲ್ಲ ಅಂದರೆ ತಡರಾತ್ರಿ ಅಥವಾ ಬೆಳಗಿನ ಜಾವ ನೋಡಿ. ಎದುರುಮನೆಯ ಎ.ಸಿ. ಯಂತ್ರದ ನೇರ ಮೇಲೆ ಗ್ರಹ ಇದ್ದರೆ ಅದು ಸರಿಯುವವರೆಗೆ ಕಾಯಿರಿ. ಗ್ರಹ ದಿಗಂತದ ಹತ್ತಿರ ಇರುವಾಗ ನೋಡುವುದೇ ಬೇಡ. 30 ಡಿಗ್ರಿ ಎತ್ತರದಲ್ಲಿದ್ದರೂ ಅದರ ಬೆಳಕು ನೆತ್ತಿಯ ಮೇಲಿದ್ದಾಗಿನ ಎರಡು ಪಟ್ಟು ಗಾಳಿಯನ್ನು ಹಾಯ್ದು ಬರುತ್ತದೆ. 10 ಡಿಗ್ರಿಯಲ್ಲಾದರೆ ಐದು ಪಟ್ಟಿಗೂ ಹೆಚ್ಚು. ನಕ್ಷತ್ರಗಳು ಥಳಥಳ ಮಿನುಗುವ ರಾತ್ರಿಯನ್ನು ಜನ ಒಳ್ಳೆಯ ರಾತ್ರಿ ಅಂದುಕೊಳ್ಳುತ್ತಾರೆ. ಗ್ರಹ ನೋಡುವವರಿಗೆ ಅದು ಕೆಟ್ಟ ರಾತ್ರಿ. ತುಸು ಮಂಜು ಮುಸುಕಿ, ಗಾಳಿ ಸತ್ತಂತೆ ನಿಂತ ರಾತ್ರಿಯಲ್ಲಿ ಎಷ್ಟೋ ಸಲ ಗ್ರಹ ಕಡೆದಿಟ್ಟಂತೆ ನಿಲ್ಲುತ್ತದೆ.

ಇನ್ನು ಐಪೀಸ್. ನಿಮ್ಮ ಹತ್ತಿರ ಇರುವ 25 ಮಿ.ಮೀ.ಯದನ್ನೇ ಹಾಕಿ. ನಿಮ್ಮದರ ಫೋಕಲ್ ಲೆಂತೂ 900 ಆಗಿದ್ದರೆ 36 ಪಟ್ಟು ಆಗುತ್ತದೆ. ಇಷ್ಟೇನಾ ಅನ್ನಬೇಡಿ: ಹತ್ತಿರ ಬಂದಾಗಿನ ಗುರುವನ್ನು 45 ಪಟ್ಟು ಹಿಗ್ಗಿಸಿದರೆ ಅದು ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿರುತ್ತದೆ. ಸುತ್ತ ಹೋಲಿಸಿ ನೋಡಲು ಏನೂ ಇಲ್ಲದ್ದರಿಂದ ಚಿಕ್ಕದೆನ್ನಿಸುತ್ತದೆ, ಅಷ್ಟೇ. ಚಿತ್ರ ನಿಂತಿದೆ ಅನ್ನಿಸಿದ ಮೇಲೆ 10 ಮಿ.ಮೀ. ಹಾಕಿ, 90 ಪಟ್ಟು. ಲೆನ್ಸಿನ ಅಗಲ ಎಷ್ಟು ಮಿ.ಮೀ.ಯೋ ಅದರ ಎರಡು ಪಟ್ಟು, ಅಂದರೆ ನಿಮಗೆ 140, ಅದೇ ಮಿತಿ. ಅದರಾಚೆ ಬರಿಯ ಮಬ್ಬು ಹಿಗ್ಗುತ್ತದೆ. ಆ ಬಾರ್ಲೋವನ್ನು ಡಬ್ಬಿಯಲ್ಲೇ ಬಿಡಿ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡ ಇಟ್ಟು ಕುರ್ಚಿಯಲ್ಲಿ ಕೂತು ನೋಡಿ, ಅಲುಗಾಟ ಅರ್ಧಕ್ಕರ್ಧ ಇಳಿಯುತ್ತದೆ. ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿರುವ ಫೈಂಡರನ್ನು ಹಗಲಲ್ಲೇ ದೂರದ ಗೋಪುರಕ್ಕೋ ಕಂಬಕ್ಕೋ ಹೊಂದಿಸಿಟ್ಟುಕೊಳ್ಳಿ. ಆಮೇಲೆ ಕಣ್ಣಿಟ್ಟರೆ ಬೇಗ ತೆಗೆಯಬೇಡಿ. ಗಾಳಿ ಆಗಾಗ ಒಂದು ಕ್ಷಣ ನಿಲ್ಲುತ್ತದೆ, ವಿವರ ಕಾಣುವುದು ಆ ಕ್ಷಣಗಳಲ್ಲೇ.

ಉಂಗುರ ಸರಿಯಾಗಿ ಕಾಣುತ್ತಿಲ್ಲ ಅಂದಿರಿ. ಅದರಲ್ಲಿ ಶನಿಯ ಪಾಲೂ ಇದೆ. 2025ರ ಮಾರ್ಚಿನಲ್ಲಿ ಉಂಗುರಗಳು ಅಂಚು ಮಾತ್ರ ನಮ್ಮ ಕಡೆಗಿರುವಂತೆ ತಿರುಗಿದ್ದವು. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. 1610ರಲ್ಲಿ ಶನಿಯ ಎರಡು ಬದಿಗೆ ಏನೋ ಇದೆ ಎಂದು ಕಂಡಿದ್ದ ಗೆಲಿಲಿಯೊ 1612ರಲ್ಲಿ ನೋಡಿದಾಗ ಅವು ಮಾಯವಾಗಿ ಕಂಗಾಲಾಗಿದ್ದ. ಅದು ಉಂಗುರ ಎಂದು ಡಚ್ ಖಗೋಳಜ್ಞ ಹೈಗೆನ್ಸ್ ಬಿಡಿಸಿ ಹೇಳಿದ್ದು 1659ರಲ್ಲಿ. ಈಗ ಮತ್ತೆ ನಿಧಾನಕ್ಕೆ ತೆರೆದುಕೊಳ್ಳುತ್ತಿವೆ, 2032ರ ಸುಮಾರಿಗೆ ಪೂರ್ತಿ ತೆರೆಯುತ್ತವೆ. ನಿಮ್ಮ 70 ಮಿ.ಮೀ.ಗೆ ಅವು ಧಾರಾಳವಾಗಿ ಸಿಗುತ್ತವೆ.

ಬೀದಿದೀಪದ ಬೆಳಕಿಂದ ಹೀಗಾಗುತ್ತಿದೆಯೇ ಅಂತಲೂ ಕೇಳಿದ್ದೀರಿ. ಇಲ್ಲ. ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಅದರ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಸಪ್ತರ್ಷಿಯ ವಸಿಷ್ಠ ಟೆಲಿಸ್ಕೋಪಿನಲ್ಲಿ ತಾನೇ ಎರಡಾಗಿ ಕಾಣುವುದನ್ನು ನಗರದ ನಡುವಿನಿಂದಲೂ ನೋಡಬಹುದು, ಅರುಂಧತಿ ಪಕ್ಕದಲ್ಲಿ ಬೇರೆ. ಬೆಳಕು ಕೊಲ್ಲುವುದು ಗ್ಯಾಲಕ್ಸಿ, ನೀಹಾರಿಕೆಗಳನ್ನು. ಅವಕ್ಕೆ ಕತ್ತಲ ಊರಿಗೇ ಹೋಗಬೇಕು. ಹೋದರೂ ಫೋಟೋದ ಕೆಂಪು ನೀಲಿ ಕಾಣುವುದಿಲ್ಲ, ಕಡಿಮೆ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ.

ಒಂದು ಮಾತು ಮರೆತಿದ್ದೆ. ಐಪೀಸಿಗೆ ತಿರುಗಿಸಿ ಹಾಕುವ, ಕಡುಹಸಿರೋ ಕಪ್ಪೋ ಬಣ್ಣದ ಪುಟ್ಟ "ಸನ್" ಫಿಲ್ಟರ್ ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ ಈಗಲೇ ಒಡೆದು ಎಸೆಯಿರಿ. ಇಡೀ ಲೆನ್ಸು ಕೂಡಿಸಿದ ಬಿಸಿಲು ಅದರ ಮೇಲೆ ಬಿದ್ದು, ನೋಡುತ್ತಿರುವಾಗಲೇ ಅದು ಬಿರುಕು ಬಿಡಬಹುದು. ಮರುಕ್ಷಣ ಕಣ್ಣು ಹೋಗುತ್ತದೆ. ಸೂರ್ಯನನ್ನು ನೋಡುವ ಫಿಲ್ಟರ್ ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವಂಥದೇ ಆಗಿರಬೇಕು. ಹಗಲಲ್ಲಿ ಫೈಂಡರ್ ಹೊಂದಿಸುವಾಗಲೂ ಸೂರ್ಯನಿರುವ ಕಡೆ ಕೊಳವೆ ತಿರುಗದಂತೆ ನೋಡಿಕೊಳ್ಳಿ.