ಗಸ್ತು ಸರಿ, ಆದರೆ ತಡೆದು ನಿಲ್ಲಿಸಬೇಡಿ

ನೆರೆಹೊರೆಯವರೇ ಸೇರಿ ರಾತ್ರಿ ಗಸ್ತು ತಿರುಗಿ ಪೊಲೀಸರಿಗೆ ನೆರವಾದರೆ ಕಾನೂನು ಒಪ್ಪುತ್ತದೆಯೇ ಎಂದು ಕೇಳಿದ್ದೀರಿ. ಗಸ್ತು ತಿರುಗುವುದು ತಪ್ಪಲ್ಲ. ರಸ್ತೆಯಲ್ಲಿ ಓಡಾಡಿ, ಕಂಡದ್ದನ್ನು ಪೊಲೀಸರಿಗೆ ಫೋನ್ ಮಾಡಿ ಹೇಳುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಅಲ್ವಾ? ತೊಂದರೆ ಶುರುವಾಗುವುದು ದಾರಿಹೋಕರನ್ನು ತಡೆದು ನಿಲ್ಲಿಸಿದಾಗ.

ಬ್ಯಾಗ್ ತೆಗೆದು ತೋರಿಸು, ಗುರುತಿನ ಚೀಟಿ ಕೊಡು ಎಂದು ಒತ್ತಾಯಿಸುವ ಅಧಿಕಾರ ನಿಮಗಿಲ್ಲ. ಠಾಣೆಯವರು ಬಾಯಿಮಾತಲ್ಲಿ 'ಸ್ವಲ್ಪ ನೋಡ್ಕೊಳ್ಳಿ' ಅಂದ ಮಾತ್ರಕ್ಕೆ ಅದು ಬರುವುದೂ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) 40ನೇ ಸೆಕ್ಷನ್ ಒಂದು ಸಣ್ಣ ಅವಕಾಶ ಕೊಟ್ಟಿದೆ. ಜಾಮೀನುರಹಿತವಾದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ ಹಿಡಿಯಬಹುದು. ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನ ಸಾಲದು. ಸುಮ್ನೆ ಕೂಡಿಹಾಕಿದರೆ ಅಕ್ರಮ ಬಂಧನದ ಕೇಸ್ ನಿಮ್ಮ ಮೇಲೆಯೇ ಬೀಳಬಹುದು. ಹೊಡೆದರಂತೂ ಇನ್ನೂ ಜಾಸ್ತಿ ಕಷ್ಟ.

ಇಂಗ್ಲೆಂಡಿನ ಸ್ಪೆಷಲ್ ಕಾನ್‌ಸ್ಟೇಬಲ್‌ಗಳೂ ಸ್ವಯಂಸೇವಕರೇ. ಆದರೆ ಅವರು ತರಬೇತಿ ಪಡೆದು, ಪ್ರಮಾಣವಚನ ತೆಗೆದುಕೊಂಡವರು. ಹಾಗಾಗಿ ಅವರಿಗೆ ಪೊಲೀಸ್ ಅಧಿಕಾರವಿದೆ.

ನೀವು ಶುರುಮಾಡುವ ಮೊದಲು ಠಾಣೆಗೆ ಲಿಖಿತವಾಗಿ ತಿಳಿಸಿ. ದೊಣ್ಣೆ ಹಿಡಿಯಬೇಡಿ, ಪೊಲೀಸರಂತೆ ಕಾಣುವ ಬಟ್ಟೆ ಖಂಡಿತ ಬೇಡ. ಟಾರ್ಚ್, ಫೋನ್ ಸಾಕು.