ಸೈಟಿನ ದುಡ್ಡು, ಮನೆಯ ದುಡ್ಡು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮೊತ್ತ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಕುಟುಂಬ. ಗಂಡನಿಗೆ 44, ಹೆಂಡತಿಗೆ 38. ಮಗ ಪಿಯುಸಿ, ಮಗಳು ಒಂಬತ್ತನೇ ತರಗತಿ. ಗಂಡ ಗಾರೆ ಕೆಲಸದಿಂದ ಮೇಲೆ ಬಂದವರು. ಹನ್ನೊಂದು ವರ್ಷದಿಂದ ಮೆಟೀರಿಯಲ್ ಸಮೇತ ಗುತ್ತಿಗೆ ಹಿಡಿದು ವರ್ಷಕ್ಕೆ ಮೂರು ನಾಲ್ಕು ಮನೆ ಕಟ್ಟಿಕೊಡುತ್ತಾರೆ, ಹೆಚ್ಚಿನವು ಹತ್ತರಿಂದ ಹದಿನೈದು ಚದರದವು. ಊರಿಗೆಲ್ಲ ಅವರು ಮೇಸ್ತ್ರಿ. ಇಲ್ಲೂ ಹಾಗೇ ಕರೆಯೋಣ.

ಮೊದಲು ಬಂದದ್ದು ಹೆಂಡತಿ, ಒಬ್ಬರೇ. ದೂರು ಕುಡಿತ ಮತ್ತು ಸಿಟ್ಟಿನದು. "ಇವ್ರು ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಹೊಂಟೋಯ್ತಾರೆ ಮೇಡಂ. ಸಾಲದೋರು ನನ್ನ ಫೋನ್‌ಗೆ ಮಾಡ್ತಾರೆ. ಎಷ್ಟು ಸಾಲ ಅಂತ್ಲೂ ನಂಗೆ ಗೊತ್ತಿಲ್ಲ, ಏನ್ ಹೇಳ್ಲಿ?" ತಮ್ಮ ಮನೆಯ ಬಗ್ಗೆ ಕೇಳಿದಾಗ ಅವರು ಹೇಳಿದ್ದು: ಗೃಹಪ್ರವೇಶವಾಗಿ ಒಂಬತ್ತು ವರ್ಷವಾದರೂ ಅಡುಗೆಮನೆಗೆ ಗಾರೆಯಾಗಿಲ್ಲ. ಇಟ್ಟಿಗೆ ಸಂದಿಗಳಲ್ಲಿ ಒಗ್ಗರಣೆಯ ಜಿಡ್ಡು, ಮಸಿ ಕೂತು, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಅವರನ್ನು ಪ್ರತ್ಯೇಕವಾಗಿಯೇ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು: ಕೈ ಮಾಡುತ್ತಾರಾ? ಎರಡು ಸಲ ತಳ್ಳಿದ್ದಾರೆ ಎಂದರು. ಕುಡಿತ ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದೆಂದು ಕಾಯುವ ವಿಷಯ ಇದಲ್ಲ. ಮತ್ತೆ ಹಾಗಾದರೆ ಮಕ್ಕಳ ಜೊತೆ ಹೋಗಲು ಎರಡು ಬೀದಿ ಆಚೆಯ ಅಣ್ಣನ ಮನೆಯನ್ನು ಗೊತ್ತುಮಾಡಿ, ಮಹಿಳಾ ಸಹಾಯವಾಣಿ 181 ಮತ್ತು ತುರ್ತು ನೆರವಿನ 112 ಎರಡನ್ನೂ ಫೋನಿನಲ್ಲಿ ಹಾಕಿಸಲಾಯಿತು.

ಮೇಸ್ತ್ರಿ ಬಂದದ್ದು ಮೂರು ವಾರದ ನಂತರ. ಬೆಳಿಗ್ಗೆ ಹನ್ನೊಂದು ಗಂಟೆ. ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ದಿನಕ್ಕೆ ಎರಡು ಕ್ವಾರ್ಟರ್, ಒಂದು ವರ್ಷದಿಂದ ಬೆಳಿಗ್ಗೆಯೂ ಒಂದಿಷ್ಟು. ಹಿಂದಿನ ವರ್ಷ ಹೆಂಡತಿ ದೇವಸ್ಥಾನದಲ್ಲಿ ಆಣೆ ಮಾಡಿಸಿ ಒಂದೇ ಏಟಿಗೆ ಪೂರ್ತಿ ಬಿಡಿಸಿದ್ದರು. ಎರಡನೇ ದಿನ ಫಿಟ್ಸ್ ಬಂತು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದರು. ಮೂರನೇ ದಿನ ಮತ್ತೆ ಕುಡಿದಾಗ ನಡುಕ ನಿಂತದ್ದನ್ನು ನೋಡಿ, "ಇವರಿಗೆ ಎಣ್ಣೆ ಇಲ್ಲದಿದ್ದರೆ ಜೀವಕ್ಕೇ ಅಪಾಯ" ಎಂದು ಮನೆಯವರೇ ನಂಬಿಬಿಟ್ಟರು.

ಇದನ್ನು ಬಿಡಿಸಿ ಹೇಳಬೇಕಾಯಿತು. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಭ್ರಮೆ, ಗಾಬರಿ, ಇಲ್ಲದ್ದು ಕಂಡಂತಾಗುವುದು ಇರಬಹುದು, ಅದು ಪ್ರಾಣಕ್ಕೂ ಕುತ್ತು. ಆದ್ದರಿಂದ ಬಿಡುವುದು ವೈದ್ಯರ ಕೈಕೆಳಗೇ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಕಳಿಸಲಾಯಿತು. ಹಳೆಯ ಫಿಟ್ಸ್ ಇದ್ದುದರಿಂದ ಅಲ್ಲಿಂದ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ಗೆ. ಒಂಬತ್ತು ದಿನ ಒಳರೋಗಿ. ನಡುಕ ನಿಲ್ಲಿಸುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಬಂದರು, ಜೊತೆಗೆ ಥಯಮಿನ್ (ಬಿ1 ವಿಟಮಿನ್) ಇಂಜೆಕ್ಷನ್.

ಕಳಿಸುವ ಮೊದಲು ಮೇಸ್ತ್ರಿಯವರನ್ನೂ ನೇರವಾಗಿ ಕೇಳಲಾಯಿತು: ಸಾಯುವ ಯೋಚನೆ ಬಂದಿದೆಯೇ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್‌ಐಸಿ ಎಷ್ಟು ಬರ್ತದೆ ಅಂತ ಲೆಕ್ಕ ಹಾಕಿದ್ದೆ" ಅಂದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಕೇಳಿದಾಗಲೇ ಆ ಭಾರ ಇಳಿಸಲು ಜಾಗ ಸಿಗುವುದು. ಅವರ ಒಪ್ಪಿಗೆ ಪಡೆದು ಹೆಂಡತಿಗೂ ಭಾವಮೈದುನನಿಗೂ ತಿಳಿಸಲಾಯಿತು. ಗದ್ದೆಯ ಔಷಧಿಗಳೆಲ್ಲ ಅದೇ ಸಂಜೆ ಮನೆಯಿಂದ ಆಚೆ ಹೋದವು. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಇಲ್ಲಿಗೆ ನಿಲ್ಲಿಸಿದ್ದರೆ ಆಸ್ಪತ್ರೆಯಿಂದ ಬಂದ ಮೊದಲ ಶನಿವಾರವೇ ಕುಡಿತ ಮರಳುತ್ತಿತ್ತು. ಯಾಕೆಂದರೆ ಬೇರು ಲೆಕ್ಕದಲ್ಲಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಕೊಟ್ಟ ಕೆಲಸ ಒಂದೇ: ಮನೆಗೆ ಎಸ್ಟಿಮೇಟ್ ಹಾಕುವಂತೆ ಸಾಲಕ್ಕೂ ಹಾಕಿ, ಹೆಂಡತಿ ಎದುರು ಕೂತು. ಅಂಗಿ ಜೇಬಿನ ಪುಟ್ಟ ಪುಸ್ತಕ ತೆಗೆದರು. ಮುಂದಿನ ಹಾಳೆಗಳಲ್ಲಿ ಕಿಟಕಿ ಬಾಗಿಲಿನ ಅಳತೆ. ಹಿಂದಿನಿಂದ ತಿರುಗಿಸಿದರೆ ಬರೀ ಹೆಸರಿನ ಮೊದಲಕ್ಷರ ಮತ್ತು ಅಂಕಿ, ಕೆಲವಕ್ಕೆ ಸುತ್ತ ಗೆರೆ. ಎರಡು ಗಂಟೆ ಹಿಡಿಯಿತು. ಕಬ್ಬಿಣ-ಸಿಮೆಂಟ್ ಅಂಗಡಿಗೆ 3,40,000. ಟೈಲ್ಸ್ 85,000. ಮೂರು ರೂಪಾಯಿ ಬಡ್ಡಿಯ ಕೈಸಾಲ 4,00,000. ಗಿರವಿ 2,10,000. ಹೆಂಡತಿ ಹೆಸರಲ್ಲಿ ಸಂಘದ ಸಾಲ 60,000. ವಾರದ ಬಡ್ಡಿಗೆ ತಂದದ್ದು 50,000. ಆಳುಗಳ ಬಟವಾಡೆ ಬಾಕಿ 35,000. ಒಟ್ಟು 11,80,000. ಬರಬೇಕಾದ್ದು 4,85,000.

ಹೆಂಡತಿ ಎರಡು ಲಕ್ಷ ಇರಬಹುದು ಅಂದುಕೊಂಡಿದ್ದರು. ಮೇಸ್ತ್ರಿಯವರ ತಲೆಯಲ್ಲಿ ಇಪ್ಪತ್ತು ಲಕ್ಷ ಕೂತಿತ್ತು. ಮೊತ್ತ ಕೇಳಿ ಹೆಂಡತಿ ಅತ್ತರು, ಆಮೇಲೆ ಅಂದರು: "ಇಷ್ಟೇಯಾ? ಇದ್ನ ಯಾಕ್ರೀ ನಂಗೆ ಹೇಳ್ಲಿಲ್ಲ?"

ಸಾಲ ಬೆಳೆದ ಬಗೆ ಸಣ್ಣ ಊರಿನ ಗುತ್ತಿಗೆದಾರರಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ. ಹೊಸ ಮನೆಯ ಅಡ್ವಾನ್ಸ್ ಹಳೇ ಮನೆಯ ಮೋಲ್ಡಿಗೆ (ತಾರಸಿಯ ಕಾಂಕ್ರೀಟಿಗೆ) ಹೋಗುತ್ತದೆ. ಹೊಸ ಮನೆಯ ಪಾಯಕ್ಕೆ ಅಂಗಡಿ ಸಾಲ. ಕಟ್ಟಿಸುವವರು ರೈತರಾದರೆ ಕಬ್ಬಿನ ಬಿಲ್ ಬಂದಾಗ ಕಂತು. 2023ರ ಬರದಲ್ಲಿ ನಾಲೆ ನಂಬಿದ ಊರುಗಳಲ್ಲಿ ಬೆಳೆ ಕೈಕೊಟ್ಟಾಗ ಇವರ ಎರಡು ಮನೆ ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ) ಮಟ್ಟದಲ್ಲೇ ನಿಂತವು, ಬಡ್ಡಿ ನಿಲ್ಲಲಿಲ್ಲ. ಇದರ ಮೇಲೆ "ಅದೊಂದು ಮಾಡ್ಕೊಟ್ಬುಡು ಮೇಸ್ತ್ರಿ" ಅನ್ನುವ ಕೆಲಸಗಳು: ಸಂಪು ಒಂದಡಿ ಆಳ, ದೇವರ ಕೋಣೆಗೆ ಗ್ರಾನೈಟ್. ಬರೆದಿಡದ ಇಂಥ ಕೆಲಸವೇ ಒಂದು ಮನೆಯಲ್ಲಿ 90,000 ಆಗಿತ್ತು.

ತೀರಿಸುವ ಸರದಿಯನ್ನು ಪೂರ್ತಿ ತಿರುಗಿಸಲಾಯಿತು. ಅದುವರೆಗೆ ಜೋರಾಗಿ ಕೂಗಾಡಿದವರಿಗೆ ಮೊದಲು ಕೊಡುತ್ತಿದ್ದರು. ವಾರದ ಬಡ್ಡಿಯ 50,000ಕ್ಕೆ ವಾರಕ್ಕೆ 2,500, ಅಂದರೆ ವರ್ಷಕ್ಕೆ 1,30,000. ಚಿಕ್ಕದಾಗಿ ಕಾಣುವ ಇದೇ ಮೊದಲು ಹೋಗಬೇಕು. ಅದಕ್ಕೆ ದುಡ್ಡು? ಒಬ್ಬ ಮನೆ ಮಾಲೀಕರು ತಾರಸಿ ಸೋರುತ್ತದೆಂದು 1,20,000 ಹಿಡಿದಿದ್ದರು. ಅವಮಾನಕ್ಕೆ ಮೇಸ್ತ್ರಿ ಆ ಬೀದಿಗೇ ಹೋಗಿರಲಿಲ್ಲ. ಹೋಗಿ ನೋಡಿದರೆ ಪ್ಯಾರಪೆಟ್ ಗೋಡೆ ಮೋಲ್ಡಿಗೆ ಕೂಡುವ ಕಡೆ ಬಿರುಕು, ನೀರು ಹರಿಯಲು ವಾಟ ಇಲ್ಲ. ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ನೀರು ಹೊಡೆಯುವುದು, ಹತ್ತು ದಿನ ಬೇಕಾದಲ್ಲಿ ಮೂರು ದಿನ ಆಗಿತ್ತು, ಆಳುಗಳನ್ನು ಬೇರೆ ಸೈಟಿಗೆ ಎಳೆದಿದ್ದರು. ಬಿರುಕು ಅಗೆದು, ವಾಟರ್‌ಪ್ರೂಫ್ ಗಾರೆ ತುಂಬಿ, ಮೂಲೆ ದುಂಡಗೆ ಮಾಡಿ, ವಾಟ ಕೊಟ್ಟು, ಎರಡು ದಿನ ನೀರು ನಿಲ್ಲಿಸಿ ಮಾಲೀಕರಿಗೇ ತೋರಿಸಿದರು. ಖರ್ಚು 14,000. ಬಂದ ಹಣದಲ್ಲಿ ವಾರದ ಸಾಲ, ಆಳುಗಳ ಬಾಕಿ ಎರಡೂ ತೀರಿ, ಉಳಿದ 21,000 ಸಂಘಕ್ಕೆ ಹೋಯಿತು.

ಕೈಸಾಲದವರ ಬಳಿ ಸಹಿ ಮಾಡಿದ ಎರಡು ಖಾಲಿ ಚೆಕ್ ಇದ್ದವು. ಬ್ಯಾಂಕಿಗೆ ಹೇಳಿ ತಡೆಹಿಡಿಸಿದರೆ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಹಾಗೆ ಮಾಡಿದರೂ ಕೇಸು ತಪ್ಪುವುದಿಲ್ಲ. ಚೆಕ್ ನಂಬರ್, ಕೊಟ್ಟ ತಾರೀಕು, ಇದುವರೆಗೆ ಕಟ್ಟಿದ ಬಡ್ಡಿ ಬರೆದುಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲು ತಿಳಿಸಲಾಯಿತು. ಚೆಕ್ ಬೌನ್ಸ್ ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟಲು 15 ದಿನ ಮಾತ್ರ ಸಮಯ, ಅದನ್ನು ಬೀರುವಿನಲ್ಲಿ ಬಚ್ಚಿಡಬಾರದು. ವಿಪರೀತ ಬಡ್ಡಿಗೆ ತಡೆಯಾಗಿ 2004ರ ರಾಜ್ಯ ಕಾಯ್ದೆ ಇದೆ ಎಂಬುದೂ ಮಾತುಕತೆಯಲ್ಲಿ ಕೆಲಸಕ್ಕೆ ಬಂತು. ಕೈಸಾಲದವರು ಮುಂದಿನ ಬಡ್ಡಿ ಬಿಟ್ಟು ಅಸಲನ್ನು ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪಿದರು.

ಮುಂದಿನ ಕೆಲಸಕ್ಕೆ ಹಾಕಿಕೊಟ್ಟ ಕಟ್ಟುಪಾಡು: ಒಪ್ಪಂದಕ್ಕೆ ಶೇ. 10, ಪಾಯಕ್ಕೆ 20, ಲಿಂಟಲ್‌ಗೆ 20, ಮೋಲ್ಡಿಗೆ 25, ಗಾರೆಗೆ 15, ಟೈಲ್ಸ್-ಬಣ್ಣಕ್ಕೆ 7, ಬೀಗದ ಕೈ ಕೊಡುವಾಗ 3. ಪ್ರತಿ ಹಂತದ ದುಡ್ಡು ಆ ಹಂತದ ಕೆಲಸ ಶುರುವಾಗುವ ಮೊದಲು ಬರಬೇಕು. ಸೈಟಿನ ಖಾತೆ ಬೇರೆ, ಮನೆಯ ಖಾತೆ ಬೇರೆ. ಮೇಸ್ತ್ರಿಗೆ ತಿಂಗಳಿಗೆ 22,000 ಸಂಬಳ. ಹೆಚ್ಚುವರಿ ಕೆಲಸದ ಪುಸ್ತಕಕ್ಕೆ ಮಾಲೀಕರ ಸಹಿ ಇಲ್ಲದೆ ಕರಣೆ ಎತ್ತುವಂತಿಲ್ಲ. ಪುಸ್ತಕ ಹೆಂಡತಿಯದು. ಅಕ್ಷರ ಬಲ್ಲ, ಸಂಘದ ಲೆಕ್ಕ ನಡೆಸಿ ಪಳಗಿದ ಹೆಂಗಸನ್ನು ಇಷ್ಟು ವರ್ಷ ಲೆಕ್ಕದಿಂದ ದೂರ ಇಟ್ಟದ್ದೇ ಈ ಮನೆಯ ದೊಡ್ಡ ನಷ್ಟ.

ಶನಿವಾರದ ಬಟವಾಡೆ ಮೊದಲು ಸಂಜೆ ಏಳಕ್ಕೆ, ಬಾರ್ ಪಕ್ಕದ ಟೀ ಅಂಗಡಿಯಲ್ಲಿ ನಡೆಯುತ್ತಿತ್ತು. ಈಗ ನಾಲ್ಕೂವರೆಗೆ ಸೈಟಿನಲ್ಲೇ. ಜೇಬಿನಲ್ಲಿ ನಗದು ಉಳಿಯದಂತೆ ಹೆಚ್ಚಿನವರಿಗೆ ಫೋನ್‌ನಲ್ಲೇ ಹಾಕುತ್ತಾರೆ.

ನಾಲ್ಕನೇ ತಿಂಗಳು, ಊರಹಬ್ಬದಲ್ಲಿ, ಮೂರು ದಿನ ಕುಡಿದರು. ಹೆಂಡತಿ ಈ ಸಲ ಆಣೆ ಮಾಡಿಸಲಿಲ್ಲ; ಮಂಗಳವಾರದ ಕ್ಲಿನಿಕ್‌ಗೆ ಜೊತೆಯಲ್ಲಿ ಹೋದರು. ತಳ್ಳಾಟ ಮತ್ತೆ ಆಗಿಲ್ಲ ಎಂದು ಪ್ರತ್ಯೇಕವಾಗಿ ಕೇಳಿದಾಗಲೂ ಹೇಳಿದ್ದಾರೆ. ಮಗ ಇನ್ನೂ ಅಪ್ಪನ ಜೊತೆ ಸರಿಯಾಗಿ ಮಾತಾಡುವುದಿಲ್ಲ, ಅದಕ್ಕೆ ಸಮಯ ಬೇಕು.

ಎಂಟನೇ ತಿಂಗಳು ಸಾಲ 7,90,000ಕ್ಕೆ ಇಳಿದಿತ್ತು. ಆ ತಿಂಗಳು ಒಂದು ಭಾನುವಾರ ಮೇಸ್ತ್ರಿ ಮೂರು ಮೂಟೆ ಸಿಮೆಂಟ್, ಇಪ್ಪತ್ತು ಅಡಿ ಎಂ ಸ್ಯಾಂಡ್ ತರಿಸಿ, ಇಟ್ಟಿಗೆಯ ಜಿಡ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಅಡುಗೆಮನೆಗೆ ಗಾರೆ ಮಾಡಿದರು. ಹತ್ತು ದಿನ ನೀರು ಹೊಡೆದದ್ದು ಮಗಳು.